ಏನಿಲ್ಲ

ಬೆಂಗ್ರೆಯಲ್ಲಿ ದೋಣಿ ಹತ್ತಿದರೆ
ಎಂಜಿನ್ ಹೊರಟಿತೆಂದು ನನಗೆ ಹೇಳುವುದು
ಕಾಲಡಿಯ ಹಲಗೆ.
ಹೊಳೆ ದಾಟಿ, ಬಸ್ಸು ಹಿಡಿದು,
ಒಂಬತ್ತೂಮುಕ್ಕಾಲಕ್ಕೆ ಮೂರನೇ ಬೆಂಚಿನಲ್ಲಿ ನಾನು,
ಶ್ರಾವ್ಯಾ ಕರ್ಕೇರ
(ಹೆಸರಿಟ್ಟಾಗ ಮನೆಯವರಿಗೆ ಗೊತ್ತಿರಲಿಲ್ಲ).
ಬೋರ್ಡಿನ ಪಕ್ಕ, ಮರದ ಸ್ಟೂಲಿನಲ್ಲಿ ಅವರು.
ಗಲ್ಲದ ಮಚ್ಚೆಗೆ ತೋರುಬೆರಳು ಮುಟ್ಟಿಸಿದರೆ
ಅದು ಅವರ ಹೆಸರು, ನಾನಿಟ್ಟದ್ದು.
ಊರಿಗೆಲ್ಲ ವಿಲ್ಮಾ ಬಾಯಿ.
ನನಗೆ ಬಾಯಿ ಅಲ್ಲ, ಎರಡು ಕೈ.

ಮೊದಲು ಆಫೀಸಿನಲ್ಲಿ ಫೀಸು ಬರೆಯುತ್ತಿದ್ದವರು.
ಅಣ್ಣ ಲಿಗೋರಿ ಕಿವುಡ, ಹಾಗಾಗಿ ಕೈಮಾತು ಗೊತ್ತೆಂದು
ಹೆಡ್‌ಮಾಸ್ಟರು ತಂದು ಕೂರಿಸಿದ್ದು.
ಸಂಬಳ ಅದೇ, ಸ್ಟೂಲು ಮಾತ್ರ ಹೊಸದು.
ಲಿಗೋರಿಯ ಜೊತೆ ಬೇಕಾಗುತ್ತಿದ್ದದ್ದು ಇಷ್ಟೇ:
ಗಂಜಿ, ಜ್ವರ, ಇಗರ್ಜಿ, ಬಂಗುಡೆಗೆ ಇವತ್ತೆಷ್ಟು.
ವಕ್ರೀಭವನಕ್ಕೆ ಆ ಮನೆಯಲ್ಲಿ ಕೈ ಇರಲಿಲ್ಲ.
ಅಕ್ಷರಕ್ಕೆ ಅಕ್ಷರ ಬೆರಳಲ್ಲಿ ಜೋಡಿಸುವಷ್ಟರಲ್ಲಿ
ಬೆಳಕು ಗಾಜು ಹೊಕ್ಕು, ಬಾಗಿ, ಆಚೆ ಬಿದ್ದು,
ಸರ್ ಮುಂದಿನ ಪಾಠದಲ್ಲಿರುತ್ತಿದ್ದರು.

ಕ್ಲಾಸು ನಕ್ಕರೆ ನನಗೆ ಕಾಣುತ್ತದೆ,
ನಲವತ್ತು ಜೋಡಿ ಹೆಗಲು ಒಟ್ಟಿಗೆ ಕುಲುಕುವುದು.
ಏನು? ಎಂದು ಕೇಳಿದರೆ
ಅಂಗೈಯಿಂದ ಗಾಳಿ ಒರೆಸಿ: ಏನಿಲ್ಲ.
ಮನೆಯಲ್ಲೂ ಹಾಗೆಯೇ.
ಮಾವ ಉಣ್ಣುವಾಗ ಎದ್ದು ಹೋದ ದಿನ, ಏನಿಲ್ಲ.
ಅಜ್ಜನನ್ನು ವೆನ್ಲಾಕಿಗೆ ಒಯ್ದ ರಾತ್ರಿ, ಏನಿಲ್ಲ, ಮಲಗು.
ಹದಿನೈದು ವರ್ಷದ ಏನಿಲ್ಲಗಳನ್ನು ಗುಡ್ಡೆ ಹಾಕಿದರೆ
ತಣ್ಣೀರುಬಾವಿಯಷ್ಟು ಹೊಯಿಗೆ.

ಆಮೇಲೆ ಶಾಲೆಗೊಂದು ಕಾಗದ ಬಂತು:
ತರಬೇತಿಯಿಲ್ಲದವರನ್ನು ಸ್ಟೂಲಿನಲ್ಲಿ ಕೂರಿಸುವಂತಿಲ್ಲ.
ನಲವತ್ತೊಂಬತ್ತರ ವಿಲ್ಮಾ ಬಾಯಿಗೆ
ಶನಿವಾರ, ಭಾನುವಾರ, ಬಲ್ಮಠದ ಮಹಡಿಯೊಂದರಲ್ಲಿ
ಬಳೆ ಬಿಚ್ಚಿಟ್ಟು ಮತ್ತೆ ಒಂದನೇ ಕ್ಲಾಸು.
ಕಲಿಸುವವರು ಕಿವುಡರು.
ಅಲ್ಲಿ ಬಾಯಿ ಮಾಡಿದರೆ ಐದು ರೂಪಾಯಿ ದಂಡ.
ಹೂವಿನ ಸೀರೆ ಬೇಡ, ಕಿಟಕಿಗೆ ಬೆನ್ನು ಬೇಡ,
ಹುಬ್ಬು ಏರಿಸುವುದೂ ವ್ಯಾಕರಣ.
ಸೋಮವಾರ ಊಟದ ಬಿಡುವಿಗೆ ನನ್ನೆದುರು ಕೂತು
ಉರುಹೊಡೆಯುವರು,
ನನ್ನ ನೀರುದೋಸೆ ಒಣಗುವವರೆಗೆ.

ಮೊದಲ ಸಲ ಫೇಲು.
ಪರೀಕ್ಷಕರು, ಅವರೂ ಕಿವುಡರೇ, ಬರೆದದ್ದು ಒಂದು ಸಾಲು:
ಕೈ ಚೆನ್ನಾಗಿದೆ. ಕರುಣೆ ಜಾಸ್ತಿ. ಕಹಿ ಬಂದಾಗ ಬಿಟ್ಟುಬಿಡುತ್ತಾರೆ.
ಚೀಟಿಯನ್ನು ನನಗೆ ತೋರಿಸಿದರು.
ಅವರ ಕಣ್ಣು ಕೆಂಪು. ನಾನೇನು ಹೇಳಲಿ?
ಅಂಗೈಯಿಂದ ಗಾಳಿ ಒರೆಸಿದೆ: ಏನಿಲ್ಲ.
ಅವರು ನನ್ನ ಕೈಯನ್ನು ನೋಡಿದರು.
ಬಹಳ ಹೊತ್ತು ನೋಡಿದರು.

ಎರಡನೇ ಸಲ ಸಿಕ್ಕಿದ ಸರ್ಟಿಫಿಕೇಟು
ಆಫೀಸಿನ ಗೋಡೆಯಲ್ಲಿದೆ.
ಫೋಟೋದ ಮಚ್ಚೆಯ ಮೇಲೆಯೇ ಬಿದ್ದಿದೆ ಸೀಲು.

ಮರುವಾರ ಸರ್ ಬೋರ್ಡಿಗೆ ಮುಖ ಮಾಡಿ ಏನೋ ಅಂದರು.
ಹೆಗಲುಗಳು ಕುಲುಕಿದವು.
ಅವರ ಕೈ ಎದೆಯ ಮಟ್ಟಕ್ಕೆ ಬಂದು ನಿಂತಿತು,
ಒಂದು ಉಸಿರಿನಷ್ಟು. ಆಮೇಲೆ:
ಇವಳಿಗೆ ಮಸೂರ ಎಲ್ಲ ಯಾಕೆ, ಪಾಸಾದರೆ ಸಾಕಲ್ಲ.
ಮುಳ್ಳು ಬಿಡಿಸದೆ ಬಡಿಸಿದ ಮೀನು.
ನನ್ನ ಕಿವಿ ಬಿಸಿಯಾಯಿತು
(ಅಷ್ಟು ಅದಕ್ಕೆ ಬರುತ್ತದೆ).
ಎದ್ದು ನಿಂತೆ, ಕೈ ಎತ್ತಿದೆ,
ನನ್ನ ಬೆರಳಿನ ಹಿಂದೆಯೇ ಅವರ ತುಟಿ ಅಲುಗಿತು:
ಸರ್, ನನಗೆ ಹದಿನೈದು ವರ್ಷ. ನನಗೆ ಪ್ರಶ್ನೆ ಇದೆ.
ಸರ್ ತಿರುಗಿದ್ದು ವಿಲ್ಮಾ ಬಾಯಿಯ ಕಡೆಗೆ.
ನಿಮಗಾ? ಹದಿನೈದಾ?
ಕ್ಲಾಸು ನಕ್ಕಿತು. ನಾನೂ ನಕ್ಕೆ,
ಅವರೆಲ್ಲ ನಕ್ಕ ಗಳಿಗೆಯಲ್ಲೇ, ಆಮೇಲಲ್ಲ.
ವಿಲ್ಮಾ ಬಾಯಿ ನಗಲಿಲ್ಲ.
ನಾನು ಮುಂದುವರಿಸಿದೆ, ಅವರೂ:
ಪೀನ ಮಸೂರವನ್ನು ನೀರಲ್ಲಿ ಮುಳುಗಿಸಿದರೆ
ಅದರ ಸಂಗಮದೂರ ಬದಲಾಗುತ್ತದಾ?

ಸರ್ ಚಾಕ್‌ಪೀಸು ಕೆಳಗಿಟ್ಟರು.
ಅಷ್ಟು ಹೊತ್ತು ಅವರ ಮುಖ
ನಾನು ನೋಡಿದ್ದು ಅವತ್ತೇ ಮೊದಲು.
ನಾಳೆ ಹೇಳುತ್ತೇನೆ, ಅಂದರು.
ಅದು ನನಗೆ ಬಂತು.
ಹೇಳುವ ಮುಂಚಿನ ಕೆಮ್ಮೂ ಬಂತು.