ಭರಣಿಯ ಮುಚ್ಚಳ

ಬೋಳಾರದ ಸೆವ್ರಿನ್ ಬಾಯಿ ಇಪ್ಪತ್ತು ವರ್ಷ
ಈ ತಟ್ಟೆಯನ್ನು ಉಪ್ಪಿನಕಾಯಿ ಭರಣಿಗೆ ಮುಚ್ಚಿದ್ದರು.
ಮೇಲೊಂದು ಕಲ್ಲು, ಕಲ್ಲಿನ ಮೇಲೆ ಬೆಕ್ಕು.
"ನಮ್ಮ ಬೊನ ಮಾಮನದ್ದು.
ಕೇಳ್ಲಿಕ್ಕೆ ಪೆಟ್ಟಿಗೆ ಎಲ್ಲುಂಟು? ತಗೊಂಡು ಹೋಗಿ,
ಒಂದು ಸರಿಯಾದ ಮುಚ್ಚಳ ತಂದುಕೊಡಿ ಮಾರಾಯ್ರೆ."

ತಂದುಕೊಟ್ಟೆ. ಸ್ಟೀಲಿನದು.

ಬೊನವೆಂಚರ್ ರೆಬೆಲ್ಲೊ.
ಲೇಬಲ್ಲಿನಲ್ಲಿ ಬರೀ "ಬಿ. ರಬೇಲು, ಗಿಟಾರು ಸಹಿತ".
ಜೆಪ್ಪುವಿನಲ್ಲಿ ಹಂಚು ಒತ್ತುವ ಕೆಲಸ.
ಕಾರ್ಖಾನೆ ಎಡಗೈಯ ಎರಡು ಬೆರಳು ಇಟ್ಟುಕೊಂಡಿತು;
ಯಾವ ಹಂಚಿನೊಳಗೆ ಹೋದವೋ,
ಈಗ ಯಾರ ಮಾಡಿನ ಮೇಲೆ ಬಿಸಿಲು ಕಾಯುತ್ತಿವೆಯೋ.
ಉಳಿದ ಕಿರುಬೆರಳಿಗೆ
ಕೆಮ್ಮಿನ ಔಷಧದ ಶೀಶೆಯ ಕೊರಳು ತೊಡಿಸಿ
ತಂತಿಯ ಮೇಲೆ ಜಾರಿಸುತ್ತಿದ್ದ,
ಇಳಿತದ ಹೊತ್ತು ಅಳಿವೆಯಲ್ಲಿ ಕಟ್ಟು ಬಿಚ್ಚಿಹೋದ ದೋಣಿ
ಯಾರಿಗೂ ಹೇಳದೆ ಸರಿಯುವ ಹಾಗೆ.

ಮೂವತ್ತಮೂರೋ ಮೂವತ್ತನಾಲ್ಕೋ.
ಮದರಾಸಿನ ರೈಲಿನಲ್ಲಿ ಮೇಣದ ಬಿಲ್ಲೆ ಹೊತ್ತು ಬಂದವರು
ಬಂದರಿನ ವಖಾರಿಯ ಅಟ್ಟದಲ್ಲಿ
ಕಿಟಕಿಗಳಿಗೆ ಹಾಸಿಗೆ ಒಡ್ಡಿ ಅವನನ್ನು ಕೂರಿಸಿದರು.
ಎರಡು ಹಾಡು. ಆರು ರೂಪಾಯಿ.
ರುಜುವಿಗೆ ಹೆಬ್ಬೆಟ್ಟು ಕೇಳಿದರು; ಅದು ಇತ್ತು.

ಮುಳ್ಳು ಇಟ್ಟರೆ ಮೊದಲು ಬಂಗುಡೆ ಹುರಿಯುವ ಸದ್ದು.
ಆಮೇಲೆ ತಂತಿ.
ಆಮೇಲೆ ಅವನು. ನನಗೆ ಕೊಂಕಣಿ ಅರ್ಧ ಬರುತ್ತದೆ,
ಆ ಅರ್ಧಕ್ಕೆ ಸಿಕ್ಕಿದ್ದು ಇಷ್ಟು:

ಮಣ್ಣು ತುಳಿದವ ನಾನು, ಹಂಚು ಒತ್ತಿದವ ನಾನು,
ಮಣ್ಣು ತುಳಿದವ ನಾನು, ಹಂಚು ಒತ್ತಿದವ ನಾನು,
ನನ್ನ ಮಾಡಿಗೆ ಮಾತ್ರ ಮುಳಿಹುಲ್ಲು, ಬಾಯೆ.

ಒಂದೇ ಸಾಲು ಎರಡು ಸಲ ಯಾಕೆ?
ಮೊದಲ ಸಲ ಯಾರೂ ಕೇಳುವುದಿಲ್ಲವೆಂದು
ಗೊತ್ತಿರಬೇಕು ಅವನಿಗೆ.

ಮೂರನೆಯ ನುಡಿ ಇಲ್ಲ.
ಭರಣಿಯ ಬಾಯಿ ಕೂತ ಜಾಗದಲ್ಲಿ
ಉಪ್ಪು ಒಂದು ಬಳೆಯಷ್ಟು ತಿಂದುಹಾಕಿದೆ.
ಮುಳ್ಳು ಅಲ್ಲಿಗೆ ಬಂದು ಎಡವಿ
ನೇರ ಕೊನೆಗೆ ಹಾರುತ್ತದೆ.
ಸೋಪು ಹಾಕಿ ತೊಳೆದೆ, ಮೂರು ಸಲ.
ಸಾಸಿವೆಯ ವಾಸನೆ ಹೋಗಿಲ್ಲ.

ಮಗುಚಿದರೆ ಎರಡನೆಯ ಹಾಡು,
ಅದರ ನಡುವೆ ಒಂದು ಕಾಗೆ.
ಅಷ್ಟು ಹಾಸಿಗೆ ಒಡ್ಡಿದರೂ ಒಳಗೆ ಬಂದಿದೆ,
ತಾಳ ತಪ್ಪದೆ ಎರಡು ಸಲ ಕೂಗಿದೆ.
ಅದಕ್ಕೆ ರೂಪಾಯಿ ಸಿಗಲಿಲ್ಲ. ತಪ್ಪು ಹೆಸರೂ ಸಿಗಲಿಲ್ಲ.

ಭಾನುವಾರ ಪೆಟ್ಟಿಗೆಯನ್ನೇ ಹೊತ್ತುಕೊಂಡು
ಬೋಳಾರಕ್ಕೆ ಹೋದೆ.
ಸೆವ್ರಿನ್ ಬಾಯಿ ಅರೆದ ಮಸಾಲೆಯ ಕೈಯಲ್ಲೇ
ಬಾಗಿಲಿಗೆ ಒರಗಿ ಕೇಳಿದರು. ತಲೆ ಅಲ್ಲಾಡಿಸಿದರು.
"ಇದು ಅವನಲ್ಲ. ಇಷ್ಟು ಸಪೂರ ಸ್ವರ ಅವನದ್ದಲ್ಲ.
ಇಷ್ಟು ಅವಸರವೂ ಇರ್ಲಿಲ್ಲ ಅವನಿಗೆ."

ವೇಗದ ತಿರುಪು ಕೂದಲೆಳೆಯಷ್ಟು ಹಿಂದೆ ತಿರುಗಿಸಿದೆ.
"ಇನ್ನೂ ಮೆಲ್ಲ."
ಇನ್ನೊಂದು ಕೂದಲೆಳೆ.
ಸ್ವರ ಇಳಿಯಿತು, ಅಗಲವಾಯಿತು,
ಎದೆಯಲ್ಲಿ ಕಫ ಕಟ್ಟಿದವನ ಉಸಿರು
ಎರಡು ಸಾಲಿನ ನಡುವೆ ಕೇಳಿತು.

"ಹಾಂ," ಎಂದರು ಸೆವ್ರಿನ್ ಬಾಯಿ, "ಈಗ ಬಂದ,"
ಕೈ ತೊಳೆದು, ಸೆರಗು ಸರಿಮಾಡಿಕೊಂಡು
ಬೆಕ್ಕನ್ನು ಕುರ್ಚಿಯಿಂದ ಎಬ್ಬಿಸಿದರು.