ಹದಿನಾರೂವರೆ ಇಂಚು

ಬಸ್ಸಿನ ಸೀಟು ಹೊಲಿದಿದ್ದೇನೆ, ಜೀಪಿನದು, ಟ್ರ್ಯಾಕ್ಟರಿನದು,
ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯನ್ನೂ.
ವಿಮಾನಕ್ಕೆ ಹೋಗುವ ಸೀಟು ನನ್ನ ಮೇಜಿಗೆ ಬಂದದ್ದು
ಇದೇ ಮೊದಲು.

ಆಟೋದಿಂದ ಇಳಿದವರು ಶಶಿರೇಖಾ, ಸಾಲಗಾಮೆ ರಸ್ತೆಯವರು.
ಒಂದು ಕಂಕುಳಲ್ಲಿ ಮಗು, ಇನ್ನೊಂದರಲ್ಲಿ ಸೀಟು,
ಎರಡೂ ಹೆಚ್ಚುಕಮ್ಮಿ ಒಂದೇ ತೂಕ.
ಗಂಡ ಜೋರ್ಹಾಟಿನಲ್ಲಿ ಹವಾಲ್ದಾರ್.
ಮಗಳು ಹುಟ್ಟಿದ್ದು ನೋಡಿದ್ದಾನೆ, ಹಲ್ಲು ಬಂದದ್ದು ನೋಡಿಲ್ಲ.
ಎರಡು ವಿಮಾನ, ನಡುವೆ ಕೋಲ್ಕತ್ತಾದಲ್ಲಿ ನಾಲ್ಕು ಗಂಟೆ,
ಅಲ್ಲಿಂದಾಚೆ ಮಿಲಿಟರಿ ಜೀಪು.
"ಜೀಪಿಗೂ ಇದೇ ಬೇಕಲ್ಲ ಸಾಬ್ರೇ,
ಅದಕ್ಕೇ ಇಲ್ಲಿಂದಲೇ ಹೊತ್ಕೊಂಡು ಹೋಗೋದು."

ಎರಡು ವರ್ಷದೊಳಗಿನ ಕೂಸಿಗೆ ಬೇರೆ ಜಾಗ ಬೇಕಿಲ್ಲವಂತೆ,
ತೊಡೆ ಸಾಕಂತೆ.
ಇವರು ದುಡ್ಡು ಕೊಟ್ಟು ಕಿಟಕಿ ಪಕ್ಕ ಜಾಗ ಕೊಂಡಿದ್ದಾರೆ,
ಹದಿನಾಲ್ಕು ತಿಂಗಳ ಹಂಸಿನಿಯ ಹೆಸರಲ್ಲಿ.
ಅತ್ತೆಯದು ಮೂರು ದಿನದಿಂದ ಒಂದೇ ಮಾತು:
"ಯಾಕೆ, ನಿಂಗೆ ತೊಡೆ ಇಲ್ವಾ?"

ಟೇಪು ಹಿಡಿದೆ. ಅಗಲ ಹದಿನಾರೂವರೆ ಇಂಚು.
ವಿಮಾನದ್ದು ಹದಿನೇಳು ಅಂತ ಫೋನಿನಲ್ಲಿ ತೋರಿಸಿದರು.
ಅರ್ಧ ಇಂಚಿನಲ್ಲಿ ಎಷ್ಟು ಮದುವೆ ಸೋಫಾ ಉಳಿಸಿಲ್ಲ ನಾನು,
ಬೇಕಾದಷ್ಟಾಯಿತು.
ಮಗುಚಿದೆ. ತಳದಲ್ಲಿ ಕೆಂಪಕ್ಷರದ ಚೀಟಿ,
ವಿಮಾನದಲ್ಲಿ ಬಳಸಬಹುದು ಅಂತ.
"ಅದು ಕಾಣೋ ಹಾಗೆ ಚೀಲ ಹೊಲೀರಿ.
ಬಾಗಿಲಲ್ಲಿ ಕೇಳ್ತಾರೆ,
ತೋರಿಸ್ದಿದ್ರೆ ಲಗೇಜಿಗೆ ಹಾಕ್ಬಿಡ್ತಾರೆ."

ಇನ್ನೊಂದು ಕೆಲಸ ಇತ್ತು.
ಹೆಗಲ ಪಟ್ಟಿ ಉದ್ದವಂತೆ, ಕತ್ತರಿಸಿ ಹೊಲಿಯಬೇಕಂತೆ.
ಇನ್ಯಾರದೋ ಮಗು ಕೂತು ಬೆಳೆದ ಸೀಟು.
ಎಲ್ಲೂ ಗುದ್ದಿದ ಕಾರಿನದಲ್ಲ ತಾನೆ, ಎಂದೆ.
ಕೇಳಿಯೇ ತಂದದ್ದು, ಎಂದರು.
ಕತ್ತರಿ ಎತ್ತಿದೆ. ಇಟ್ಟೆ.
ಮೂವತ್ತೊಂದು ವರ್ಷ ಯಾವ ಬಟ್ಟೆಗೂ ಆಗಲ್ಲ ಅಂದವನಲ್ಲ.
"ತಾಯಿ, ಇದಕ್ಕೆ ನಾನು ಸೂಜಿ ಹಾಕಲ್ಲ.
ನನ್ನ ಹೊಲಿಗೆ ಕೂರೋದಕ್ಕೆ. ಇದು ಹಿಡಿಯೋದಕ್ಕೆ."
ಹಿಂದೆ ತಡಕಿದರೆ ಮೂರು ಸೀಳು, ಪಟ್ಟಿ ಮೇಲಿನದರಲ್ಲಿ.
ಬಿಚ್ಚಿ, ಮಗುವಿನ ಹೆಗಲ ಮಟ್ಟದ ಸೀಳಿಗೆ ತೂರಿಸಿ
ಮುಂದಿನ ಬಾಲ ಎಳೆದೆ.
ಕತ್ತರಿ ಬೇಕೇ ಇರಲಿಲ್ಲ.

ಹಂಸಿನಿಯನ್ನು ಕೂರಿಸಿದರು, ರೆಕ್ಸಿನ್ ಸುರುಳಿಗಳ ನಡುವೆ.
ಕ್ಲಿಕ್ ಎಂದಿತು. ಅತ್ತಳು. ನನ್ನ ಮೆಷಿನ್ ಓಡಿತು.
ಚೀಲದ ಎರಡನೇ ಬದಿಗೆ ಬರುವಷ್ಟರಲ್ಲಿ
ಬಾಯಿ ತೆರೆದು ನಿದ್ದೆ.
ಬೂವನಹಳ್ಳಿಗೆ ವಿಮಾನ ಬರುತ್ತೆ ಬರುತ್ತೆ ಅಂತ
ನನ್ನ ಗಡ್ಡ ಬೆಳ್ಳಗಾಯಿತು;
ಇವಳು ನನ್ನ ಮೇಜಿನಿಂದಲೇ ಹಾರಿಬಿಟ್ಟಳು.

ಮುನ್ನೂರೈವತ್ತು. ಕಮ್ಮಿ ಮಾಡಲಿಲ್ಲ.
ಹಿಡಿ ಮಾತ್ರ ಎರಡು ಸಲ ಹೊಲಿದೆ.

ಶಾಂತಿಗ್ರಾಮದ ಹತ್ತಿರ, ಮೆಟಡಾರ್, ತೊಂಬತ್ತೆಂಟು.
ಮುಂದೆ ನಮ್ಮವಳು, ತೊಡೆಯ ಮೇಲೆ ಇಮ್ದಾದ್.
ಅಡ್ಡ ಬಂದದ್ದು ಎಮ್ಮೆ.
ಎರಡೂ ಕೈಲಿ ತಬ್ಬಿದ್ದಳು, ಆದರೂ ಹಾರಿದ.
ಹಣೆಗೆ ಏಳು ಹೊಲಿಗೆ, ಅವೂ ನನ್ನವಲ್ಲ.
ಅವನೀಗ ಅರಸೀಕೆರೆಯಲ್ಲಿ ಲೈನ್‌ಮನ್,
ಗುರುತು ಕೂದಲಡಿ ಸೇರಿದೆ.
ಇವಳು ಮಾತ್ರ ಮೊಮ್ಮಗುವನ್ನು ನಿಂತು ಎತ್ತಲ್ಲ.
ಮೊದಲು ನೆಲಕ್ಕೆ ಕೂರುತ್ತಾಳೆ,
ಆಮೇಲೆ, ಕೊಡಿ, ಅನ್ನುತ್ತಾಳೆ.

ಸಂಜೆ ಅವರೆಕಾಳು ಹಿತುಕುತ್ತಿದ್ದಳು.
ಶಶಿರೇಖಾ ಹೇಳಿದ್ದನ್ನೇ ಹೇಳಿದೆ:
ಓಟ ಒಮ್ಮೆಲೇ ನಿಂತರೆ ಹತ್ತು ಕೆಜಿ ಮಗು
ಇನ್ನೂರು ಕೆಜಿ ಆಗುತ್ತಂತೆ.
ಯಾವ ತಾಯಿ ಕೈಗೂ ನಿಲ್ಲಲ್ಲವಂತೆ.

"ಇನ್ನೂರಾ?"
"ಇನ್ನೂರು."

ಸಿಪ್ಪೆ ಅಂಟಿದ ಎರಡೂ ಅಂಗೈಯನ್ನು
ಬಲ್ಬಿನ ಬೆಳಕಿಗೆ ಹಿಡಿದು ನೋಡಿಕೊಂಡಳು,
ಪಕ್ಕದ ಮನೆಯವಳ ಕೈ ನೋಡುವ ಹಾಗೆ.
"ಇಷ್ಟು ವರ್ಷ ಎಲ್ಲಿಟ್ಟಿದ್ರಿ ಈ ಲೆಕ್ಕಾನ," ಅಂದು
ಕಾಳಿನ ತಟ್ಟೆ ನನ್ನ ಕಡೆ ಸರಿಸಿದಳು.