ಮೋಶಿಗೆ ಹೊಂಟ ಐತ್ವಾರ

ಧಾಯರಿಯ ನಮ್ಮ ಸೊಸೈಟ್ಯಾಗ
ಕರೆಂಟಿನ ಗಾಡಿ ನಾಕು, ಪ್ಲಗ್ಗು ಒಂದು.
ಕೆಳಗ ಪಾರ್ಕಿಂಗಿನ್ಯಾಗ, ಪಂಪಿನ ಖೋಲಿ ಬಾಜೂಕ;
ಅದರ ಡಬ್ಬಿಗೆ ಪೇಠಕರ ಅಜ್ಜ ಹಾಕಿದ ಹಿತ್ತಾಳಿ ಕೀಲಿ.

ಮೋಶಿಯ ಮೈದಾನದಾಗ ಪ್ರದರ್ಶನ ಅಂತ.
ಹೊಸಾ ಗಾಡಿ ನೋಡಾಕ ಬಂದವರಿಗೆ ಟಿಕೀಟು.
ಗಾಡಿ ಇದ್ದವರಿಗೆ ಪುಕ್ಕಟೆ:
ಒಂದು ಸಾಲಿನ್ಯಾಗ ತಂದು ನಿಲ್ಲಿಸಿ
ಮಂದಿ ಕೇಳಿದ್ದಕ್ಕ ಖರೇ ಹೇಳಬೇಕು, ಅಷ್ಟ.

‘ಖರೇ ಅಂದ್ರ ಎಷ್ಟು ಖರೇ?’ ಅಂದ ಓಜಸ್.
ಅವನದು ಮೂರು ತಿಂಗಳ ಕೂಸು, ಮಾವ ಕೊಡಿಸಿದ್ದು,
ಸೀಟಿನ ಪ್ಲಾಸ್ಟಿಕ್ಕು ಇನ್ನೂ ಕಿತ್ತಿಲ್ಲ.

ನಂದು ಟ್ಯಾಕ್ಸಿ ಕಂಪನಿ ಓಡಿಸಿ ಬಿಟ್ಟದ್ದು.
ಬಾಗಲದ ಮ್ಯಾಲಿನ ಹೆಸರು ಕೆರದು ತಗದರೂ
ಇಳಿ ಬಿಸಿಲಿಗೆ ಅಕ್ಷರ ಎದ್ದು ಕಾಣತಾವ.
ಕಾಗದದಾಗ ಎರಡುನೂರಾ ಐವತ್ತು ಕಿಲೋಮೀಟರ್;
ನೂರಾ ನಲವತ್ತಕ್ಕ ನನ್ನ ಎದಿ ಹೊಡಕೊಳ್ಳಾಕ ಹತ್ತತೈತಿ.
ಆದ್ರ ಸಾಸವಡದಿಂದ ಜ್ವಾಳದ ಚೀಲ ಹೇರಿಕೊಂಡು
ಬೋಪದೇವ ಘಾಟು ಇಳಿಯೂಮುಂದ
ಎರಡು ಪರ್ಸೆಂಟು ತಿರುಗಿ ಬರತೈತಿ.
ಭಾರ ಹೆಚ್ಚಾದಷ್ಟು ವಾಪಸ್ಸು ಹೆಚ್ಚು.
ಯಾರಿಗೆ ಹೇಳಿದರೂ ನಕ್ಕರು;
ಅಜ್ಜ ಒಬ್ಬನ ವಹಿಯೊಳಗ ಬರಕೊಂಡ,
ಎಷ್ಟು ಚೀಲ ಅಂತ ಎರಡು ಸಲ ಕೇಳಿ.

ಶನಿವಾರ ರಾತ್ರಿ ಪಾಳಿ ಹಚ್ಚಿದವನೂ ಅವನ:
ಹತ್ತರಿಂದ ಒಂದು ಓಜಸ್,
ಒಂದರಿಂದ ನಾಕು ನಾನು, ನಾಕರಿಂದ ಏಳು ಫಿರ್ದೌಸ್.
ಅಕಿ ಡಯಾಲಿಸಿಸ್ ಮಷೀನು ನೋಡೂ ಹುಡುಗಿ,
ನಾಕಕ್ಕ ಡ್ಯೂಟಿ ಮುಗಿಸಿ ಬರಾಕಿ.
ಮೊಸರಿನ ಗಡಿಗಿ ಹಂಚಿಕೊಂಡಂಗ ಹಂಚಿಕೊಂಡಿವಿ
ಒಂದು ತೂತಿನಿಂದ ಬರೂ ಬೆಂಕಿನ.

ಮೂರಕ್ಕ ಎದ್ದು ಹಂಚು ಕಾಸಿದೆ.
ಐತ್ವಾರ ಇನ್ನೂರು ರೊಟ್ಟಿ, ಜೋಡಿಗೆ ಶೇಂಗಾ ಹಿಂಡಿ.
ಬಡಿಯೂ ಸಪ್ಪಳದಾಗ ಗಡಿಯಾರದ ನೆನಪು ಹಾರಿತು.
ಡಬ್ಬಿ ಹೊತ್ತು ಕೆಳಗ ಇಳದಾಗ ಐದೂವರಿ.

ನನ್ನ ಗಾಡಿ ಎಂಬತ್ತೆಂಟರ ಮ್ಯಾಲೆ, ಇನ್ನೂ ಕುಡೀತಿತ್ತು.
ಬಾಜೂಕ ಫಿರ್ದೌಸ್‌ನ ಗಾಡಿ. ಆರು ಪರ್ಸೆಂಟು.
ಸೀಟು ಹಿಂದಕ್ಕ ಚೆಲ್ಲಿ, ಬಾಯಿ ತೆರದು,
ಅಂಗೈ ಮ್ಯಾಲೆ ಯಾವುದೋ ಪೇಷಂಟಿನ ನಂಬರು ಬರಕೊಂಡು
ಅಕಿ ಮಲಗಿದ್ಲು.
ಗ್ವಾಡಿಯಿಂದ ನನ್ನ ವಾಯರು ಕೀಳಬಹುದಿತ್ತು.
ಮ್ಯಾಲೆ ಬಂದು ಬೆಲ್ ಬಾರಿಸಬಹುದಿತ್ತು.
ಎರಡೂ ಮಾಡಿರಲಿಲ್ಲ.

ಕಳ್ಳಿಯಂಗ ಬಗ್ಗಿ ನಂದು ಕಿತ್ತು ಅಕಿದಕ್ಕ ಹಚ್ಚಿದೆ.
‘ಟಕ್’ ಅಂತು. ಅಕಿ ಹೊರಳಿದ್ಲು, ಏಳಲಿಲ್ಲ.

ಏಳಕ್ಕ ಎಲ್ಲಾರೂ ಕೂಡಿದಾಗ ಅಕಿದು ಇಪ್ಪತ್ತು.
ಅಜ್ಜ ವಹಿ ತಗದು ಗುಣಿಸಿದ, ಕನ್ನಡಕ ತಗದ,
‘ಹೋಗಬಹುದು, ಬರೂದು ಕಷ್ಟ’ ಅಂದ.
ಯಾರ ತಪ್ಪು ಅಂತ ಕೇಳಲಿಲ್ಲ;
ನನ್ನ ಕೈಯಾಗಿನ ಹಿಟ್ಟು ನೋಡಿದ.
ನಾನ ಹೇಳಿದೆ. ಫಿರ್ದೌಸ್ ಕಣ್ಣು ತಿಕ್ಕೊಂಡು
‘ರೊಟ್ಟಿ ವಾಸನಿಗೆ ಛೊಲೋ ನಿದ್ದಿ ಬಂತಕ್ಕ’ ಅಂದು
ನನ್ನ ಗಾಡಿಯ ಹಿಂದಿನ ಸೀಟಿಗೆ ಹತ್ತಿದ್ಲು,
ಡಬ್ಬಿಗೆ ತಲಿ ಕೊಟ್ಟು ಮತ್ತ ಮಲಗಿದ್ಲು.

ಓಜಸ್ ಮುಂದ ಹ್ವಾದ, ಮಲ್ಲಿಗಿ ದಂಡಿ ಕಟ್ಟಿಕೊಂಡು.
ತನ್ನ ತುಂಬಿದ ಗಾಡಿ ಅಲ್ಲೇ ಬಿಟ್ಟು
ಅಜ್ಜ ನನ್ನ ಬಾಜೂಕ ಕುಂತ:
‘ಮೂರು ಮಂದಿ, ಇನ್ನೂರು ರೊಟ್ಟಿ.
ಈ ಲೆಕ್ಕ ನನ್ನ ಕಡೆ ಇಲ್ಲ.’

ಗೇಟಿನ್ಯಾಗ ವಾಚಮನ್ ಟೈಮು ಬರಕೊಂಡ,
ಆರು ತಿಂಗಳಿಂದ ಕೇಳಲಾರದ್ದು ಇವತ್ತ ಕೇಳಿದ,
‘ಬಾಯಿ, ಏನು ಕೊಡತೈತಿ ಇದು?’

ಮೋಶಿಯ ಸಲುವಾಗಿ ವಾರಿಡೀ ಬಾಯಿಪಾಠ ಮಾಡಿದ್ದೆ,
ಏಸಿ ಹಾಕಿದ್ರ ಇಷ್ಟು, ಏರಿದ್ರ ಇಷ್ಟು, ಇಳದ್ರ ಇಷ್ಟು.
ಒಂದೂ ನೆನಪಿಗೆ ಬರಲಿಲ್ಲ.

‘ನಿಂತ ಮ್ಯಾಲೆ ಹೇಳತೀನಿ’ ಅಂದೆ.